ಕುರಿಯ ಹಿಂದಿನ ಮನೆ

ಕಳೆದ ಆಷಾಢದಲ್ಲಿ ಚಿತ್ರದುರ್ಗದಿಂದ ಬಳ್ಳಾರಿಗೆ ಹೊರಟಿದ್ದೆ. ಚಳ್ಳಕೆರೆ ದಾಟಿದ ಮೇಲೆ ಸೋನೆ ಹಿಡಿಯಿತು. ತಳಕಿನಲ್ಲಿ ಒಬ್ಬ ಮುದುಕ ನೆನೆದ ಕಂಬಳಿ ಹೊದ್ದು ಬಸ್ಸು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕುಳಿತ. ಒದ್ದೆ ಉಣ್ಣೆ, ಕುರಿಯ ಮೈಜಿಡ್ಡು, ಒಲೆಯ ಹೊಗೆ ಮೂರೂ ಬೆರೆತ ವಾಸನೆ ಬಸ್ಸನ್ನು ತುಂಬಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ನಾನೂ ಮುಖ ಸಿಂಡರಿಸುತ್ತೇನೇನೋ ಎಂದು ನನ್ನತ್ತ ನೋಡಿದಳು. ನಾನು ಕಿಟಕಿ ಎಳೆದು ಮುಚ್ಚಿ, ಕಣ್ಣನ್ನೂ ಮುಚ್ಚಿ ಒರಗಿಕೊಂಡೆ. ಆ ವಾಸನೆಯೊಳಗೆ ನನ್ನ ಒಂದು ವರ್ಷವಿದೆ. ಸರಿಯಾಗಿ ಹೇಳಬೇಕೆಂದರೆ ಒಂದು ಯುಗಾದಿಯಿಂದ ಶ್ರಾವಣದವರೆಗಿನ ನಾಲ್ಕು ತಿಂಗಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ಮೂರು ವರ್ಷ. ಜಾನುವಾರು ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿ, ತಳಕಿನಿಂದ ಆರು ಮೈಲಿ ಒಳಗಿನ ಒಂದು ಊರಿಗೆ ನನ್ನನ್ನು ಹಾಕಿದ್ದರು. ದಾವಣಗೆರೆಯ ಗಿರಣಿ ಪಕ್ಕದ ಓಣಿಯಲ್ಲಿ ಬೆಳೆದವಳು ನಾನು. ತರಬೇತಿಗೆ ಹೋಗುವವರೆಗೆ ಕುರಿಯ ಮೈ ಮುಟ್ಟಿದವಳೇ ಅಲ್ಲ. ಪಶು ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಬೀರು, ಅಂಗಳದಲ್ಲಿ ದನ ನಿಲ್ಲಿಸುವ ಕಬ್ಬಿಣದ ಕಟಾಂಜನ, ಅಷ್ಟೇ. ಡಾಕ್ಟರು ವಾರಕ್ಕೆರಡು ದಿನ ಚಳ್ಳಕೆರೆಯಿಂದ ಬಂದು ಹೋಗುತ್ತಿದ್ದರು. ಮಿಕ್ಕ ದಿನ ನಾನೊಬ್ಬಳೇ. ಜನ ಡಾಕ್ಟ್ರಮ್ಮ ಎನ್ನುತ್ತಿದ್ದರು. "ನಾನು ಡಾಕ್ಟರಲ್ಲ" ಎಂದರೆ, "ಆತು ಬಿಡ್ರಿ ಡಾಕ್ಟ್ರಮ್ಮ" ಎನ್ನುತ್ತಿದ್ದರು.

ನನಗೆ ವಹಿಸಿದ ಮೊದಲ ದೊಡ್ಡ ಕೆಲಸವೆಂದರೆ ಮಳೆಗೆ ಮುಂಚೆ ಸುತ್ತಲ ಹಟ್ಟಿಗಳ ಕುರಿಗಳಿಗೆ ಕರುಳುಬೇನೆಯ ಸೂಜಿ ಹಾಕುವುದು. ಬೇಸಿಗೆಯೆಲ್ಲ ಒಣಕಡ್ಡಿ ಮೇದ ಕುರಿ, ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಗಬಗಬ ಮೇಯುತ್ತದೆ. ಆಗ ಈ ಬೇನೆ ಎರಗುತ್ತದೆ. ಸಂಜೆ ನೆಗೆಯುತ್ತಿದ್ದ ಕುರಿ ಬೆಳಗ್ಗೆ ಕಾಲು ಸೆಟೆದುಕೊಂಡು ಬಿದ್ದಿರುತ್ತದೆ. ಅದೂ ಬಡಕಲು ಕುರಿಯಲ್ಲ, ಹಿಂಡಿನಲ್ಲೇ ಚೆನ್ನಾಗಿ ಮೇದು ದುಂಡಗಾದದ್ದು. ಬಂದ ಮೇಲೆ ಮಾಡುವಂಥದ್ದು ಏನೂ ಇಲ್ಲ. ಎರಡು ಮೂರು ವಾರದ ಅಂತರದಲ್ಲಿ ಎರಡು ಸೂಜಿ ಮುಂಚೆಯೇ ಬಿದ್ದಿರಬೇಕು.

ಯುಗಾದಿ ಮುಗಿದ ವಾರ ತಳಕಿನ ಹತ್ತಿರದ ಕರೇಕಲ್ಲಟ್ಟಿಗೆ ಹೋದೆ. ಹದಿನೈದು ಮನೆ, ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದ ಕುರಿರೊಪ್ಪಗಳು, ಅದರಾಚೆ ಕಣ್ಣು ಹಾಯುವ ತನಕ ಬಿಳಿಚಿಕೊಂಡ ಹುಲ್ಲಿನ ಕಾವಲು. ತಿಪ್ಪಯ್ಯ ಎಂಬ ನಲವತ್ತರ ಆಳು, ಹಟ್ಟಿಗೆಲ್ಲ ಮಾತಾಡುವವನು, ನಾನು ಚೀಲ ಇಳಿಸುವ ಮುಂಚೆಯೇ ಅಡ್ಡ ಬಂದ.

"ಸೂಜಿ ಅಂತ ಬಂದಿದ್ರೆ ಹಂಗೇ ಹೋಗ್ರಿ ಡಾಕ್ಟ್ರಮ್ಮ. ಎರಡು ವರ್ಷದ ಕೆಳಗೆ ಒಬ್ಬ ಬಂದು ಹಾಕಿದ. ಗಬ್ಬದ ಕುರಿ ಹನ್ನೊಂದು, ದಿನ ತುಂಬದೆ ಕಂದು ಹಾಕಿದ್ವು. ಕೇಳಾಕೆ ಹೋದ್ರೆ ಆ ಮನುಷ್ಯನೇ ಇಲ್ಲ, ವರ್ಗ ಆಗೋಗಿದ್ದ."

ನಾನು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಒದರಿದೆ. ಅವನು ಅರ್ಧದಲ್ಲೇ ಹೊರಟು ಹೋದ. ತಲೆಯ ಮೇಲೆ ಬಿಸಿಲು, ತಳಕಿನ ಬಸ್ಸು ಮೂರು ಗಂಟೆಗೆ. ಹೋಗಿ ಬೇವಿನ ಮರದ ಕೆಳಗಿನ ಚಪ್ಪಡಿಯ ಮೇಲೆ ಕುಳಿತೆ. ಅಲ್ಲಿ ಮೊದಲೇ ಒಬ್ಬ ಮುದುಕಿ ಕೂತಿದ್ದಳು. ತಿಪ್ಪಯ್ಯನ ಸೋದರತ್ತೆ ಬೋರಜ್ಜಿ. ಮಕ್ಕಳಿಲ್ಲದ ವಿಧವೆ. ಎಪ್ಪತ್ತು ದಾಟಿದ್ದರೂ ಎಪ್ಪತ್ತು ಕುರಿಯ ಹಿಂಡನ್ನು ಅವಳೇ ಕಾಯುತ್ತಿದ್ದಳು. ಕುರಿಗಳ ಜೊತೆ ತೆಲುಗು, ನಮ್ಮಂಥವರ ಜೊತೆ ಕನ್ನಡ.

"ಆಟ ಬರ್ತೈತೇನೇ ನಿಂಗೆ?" ಎಂದಳು.

ಆಗ ನೋಡಿದೆ, ಚಪ್ಪಡಿಯ ಮೇಲೆ ಗೆರೆ ಕೊರೆದಿತ್ತು. ಒಂದು ದೊಡ್ಡ ತ್ರಿಕೋನ. ಅದರ ನೆತ್ತಿಯಿಂದ ಬುಡಕ್ಕೆ ಇನ್ನೆರಡು ಗೆರೆ. ನಡುವೆ ಅಡ್ಡಲಾಗಿ, ತ್ರಿಕೋನದ ಎರಡೂ ಬದಿಗೆ ಚಾಚಿಕೊಂಡ ಒಂದು ಉದ್ದ ಚೌಕ, ಆ ಚೌಕದ ಹೊಟ್ಟೆ ಸೀಳುವಂತೆ ಮತ್ತೊಂದು ಗೆರೆ. ಗೆರೆಗೆ ಗೆರೆ ಕೂಡುವ ಕಡೆಯೆಲ್ಲ ಒಂದೊಂದು ಮನೆ, ಒಟ್ಟು ಇಪ್ಪತ್ಮೂರು.

"ಹುಲಿ-ಕುರಿ ಆಟ ಅಲ್ವಾ ಅಜ್ಜಿ? ನೋಡಿದೀನಿ, ಆಡಿಲ್ಲ."

"ನಮ್ಮ ಕಡೆ ಹುಲಿ ಎಲ್ಲೈತೆ? ನಮಗೆ ಬರೋದು ತೋಳ. ತೋಳ ಅನ್ನು."

ಅವಳು ಮೂರು ಕರಿಕಲ್ಲು ತೆಗೆದು, ಒಂದನ್ನು ನೆತ್ತಿಯ ಮನೆಯಲ್ಲಿ, ಎರಡನ್ನು ಅದರ ಕೆಳಗಿನ ಗೆರೆಯ ನಡುಮನೆಗಳಲ್ಲಿ ಇಟ್ಟಳು. ಆಮೇಲೆ ಪಕ್ಕದ ನೆಲದಿಂದ ಒಣಗಿದ ಕುರಿಹಿಕ್ಕೆ ಆರಿಸಿ ಹದಿನೈದು ಎಣಿಸಿ ನನ್ನ ಅಂಗೈಗೆ ಸುರಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಕುರಿ ಡಾಕ್ಟ್ರಂತೆ, ಹಿಕ್ಕೆ ಮುಟ್ಟಲ್ಲಂತೆ!" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ನಾಚಿಕೆಯಾಗಿ ಹಿಡಿದುಕೊಂಡೆ.

ಆಟ ಹೀಗೆ. ಕುರಿಯವನು ಒಂದು ಸಲಕ್ಕೆ ಒಂದು ಕುರಿ ಖಾಲಿ ಮನೆಯಲ್ಲಿ ಇಡಬೇಕು. ಅದಕ್ಕೆ ಉತ್ತರವಾಗಿ ತೋಳದವನು ಯಾವುದಾದರೂ ಒಂದು ತೋಳವನ್ನು ಗೆರೆ ಹಿಡಿದು ಪಕ್ಕದ ಮನೆಗೆ ನಡೆಸುತ್ತಾನೆ. ತೋಳದ ಪಕ್ಕ ಕುರಿಯಿದ್ದು, ಅದೇ ಗೆರೆಯಲ್ಲಿ ಕುರಿಯ ಆಚೆ ಮನೆ ಖಾಲಿಯಿದ್ದರೆ ತೋಳ ಹಾರಿ ಹೋಗಿ ಅಲ್ಲಿ ಕೂರುತ್ತದೆ, ಕುರಿ ಸತ್ತಂತೆ. ಹದಿನೈದೂ ಕುರಿ ಇಟ್ಟು ಮುಗಿಯುವ ತನಕ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ. ಮುಗಿದ ಮೇಲೆ ಅವೂ ಒಂದೊಂದೇ ಹೆಜ್ಜೆ ನಡೆಯಬಹುದು, ಹಾರುವಂತಿಲ್ಲ. ಮೂರೂ ತೋಳ ಅಲ್ಲಾಡದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಕಟ್ಟಿಹಾಕುವಷ್ಟು ಕುರಿಯೇ ಉಳಿಯದಿದ್ದರೆ ತೋಳದ ಗೆಲುವು.

ಅವತ್ತು ಎರಡು ಆಟ ಆಡಿದೆವು. ಎರಡರಲ್ಲೂ ಕುರಿ ಇಟ್ಟು ಮುಗಿಸುವುದರೊಳಗೆ ಆರು ಏಳು ಕಳೆದುಕೊಂಡಿದ್ದೆ. "ಈಗ ನಾನು ತೋಳ ಆಡ್ಲಾ?" ಎಂದೆ.

"ತೋಳ ಆಡೋದಕ್ಕೇನು, ಯಾರಾದ್ರೂ ಆಡ್ತಾರೆ. ನೀನು ಕುರಿನೇ ಆಡು."

ಬಸ್ಸಿಗೆ ಹೊತ್ತಾಗಿ ಎದ್ದಾಗ, "ಬರೋ ವಾರ ಬಾ. ಸೂಜಿ ತರಬ್ಯಾಡ, ಸುಮ್ಕೆ ಬಾ" ಎಂದಳು.

ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ ಹೋದೆ. ಇನ್ನೂ ನಾಲ್ಕು ಹಟ್ಟಿಗಳಿಗೆ ಹೋಗಿ ಹಾಗೇ ತಿರುಗಿ ಬಂದಿದ್ದೆ. ಅಲ್ಲಿಯೂ ಕರೇಕಲ್ಲಟ್ಟಿಯ ಹನ್ನೊಂದು ಕಂದಿನ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಹಾಗಾಗಿ ಈ ಹಟ್ಟಿ ಒಪ್ಪದೆ ಮಿಕ್ಕವು ಒಪ್ಪುವಂತಿರಲಿಲ್ಲ. ಆದರೆ ಬೋರಜ್ಜಿಯ ಹತ್ತಿರ ಆ ಮಾತು ಎತ್ತಲು ಧೈರ್ಯವಾಗದೆ ಸುಮ್ಮನೆ ಆಡಿ, ಸೋತು ಬರುತ್ತಿದ್ದೆ. ಮೂಲೆ ಮನೆಯಲ್ಲಿ ಕೂತ ಕುರಿಯನ್ನು ಯಾವ ತೋಳವೂ ಹಾರಲಾರದು ಎಂಬುದು ಎರಡನೆಯ ವಾರ ಹೊಳೆಯಿತು. ಮೊದಲು ಮೂಲೆಗಳನ್ನು ತುಂಬಿ, ಅಲ್ಲಿಂದ ಒಳಕ್ಕೆ ಬರುವುದನ್ನು ಕಲಿತೆ. ಆದರೂ ಸೋಲುತ್ತಿದ್ದೆ. ಒಂದು ದಿನ ಅವಳು ಬೇಸತ್ತು ನನ್ನ ಗದ್ದ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು.

"ನೀ ಬರೀ ತೋಳನೇ ನೋಡ್ತೀಯ. ತೋಳ ನೋಡಿ ಹೆದ್ರಿ ಹೆದ್ರಿ ಕುರಿ ಇಡ್ತೀಯ. ತೋಳನ ಬಿಡು. ನಿನ್ನ ಕುರಿ ಹಿಂದ್ಲ ಮನೆ ನೋಡು. ಅದು ತುಂಬಿದ್ರೆ ತೋಳ ಏನ್ ಮಾಡ್ತೈತೆ?"

ಆವತ್ತಿನಿಂದ ಆಟ ಬೇರೆಯಾಗಿ ಕಾಣತೊಡಗಿತು. ಗೆಲ್ಲಲಿಲ್ಲ, ಆದರೆ ಬೇಗ ಸೋಲುವುದು ನಿಂತಿತು.

ವೈಶಾಖ ಹುಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ, ಆಟದ ನಡುವೆ, ತಲೆ ಎತ್ತದೆ ಅವಳೇ ಕೇಳಿದಳು. "ಗಬ್ಬದ ಕುರಿಗೆ ಆ ಸೂಜಿ ಹಾಕಿದ್ರೆ ಕಂದು ಹಾಕ್ತವಾ?"

ಏನೂ ಆಗುವುದಿಲ್ಲ ಎಂದುಬಿಡಬಹುದಿತ್ತು. ತುದಿನಾಲಿಗೆಗೆ ಬಂದಿತ್ತು. "ತಿಂಗಳು ತುಂಬಿದ್ದನ್ನ ಹಿಡಿದು ಎಳೆದಾಡಿದ್ರೆ ಹಾಕಬಹುದು ಅಜ್ಜಿ" ಎಂದೆ. "ಔಷಧದಿಂದಲೋ ಗಾಬರಿಯಿಂದಲೋ ನನಗೆ ಗೊತ್ತಿಲ್ಲ. ನಾನಾದ್ರೆ ಅವನ್ನ ಬಿಟ್ಟು ಮಿಕ್ಕವಕ್ಕೆ ಹಾಕ್ತೀನಿ."

ಅವಳು ನನ್ನ ಒಂದು ಕುರಿಯನ್ನು ಹಾರಿ ತೆಗೆದಳು. ಮರುವಾರ ಹೋದಾಗ ತಿಪ್ಪಯ್ಯ ಮುಖ ಗಂಟಿಕ್ಕಿಕೊಂಡೇ ಹೇಳಿದ: "ಅತ್ತೆ ಎಲ್ರಿಗೂ ಹೇಳೈತೆ. ಸೋಮಾರ ಕುರಿ ಬಿಡಲ್ಲ, ರೊಪ್ಪದಾಗೇ ಇಟ್ಟಿರ್ತೀವಿ. ಬಂದು ಹಾಕ್ರಿ."

ಲಸಿಕೆಗೆ ತಂಪು ಬೇಕು. ಸೋಮವಾರ ಬೆಳಗ್ಗೆ ಚಳ್ಳಕೆರೆಗೆ ಹೋಗಿ, ಫ್ರಿಜ್ಜಿನಿಂದ ಸೀಸೆಗಳನ್ನು ತೆಗೆಸಿ, ಆಸ್ಪತ್ರೆಯ ಹಳೆಯ ದೊಡ್ಡ ಪ್ಲಾಸ್ಟಿಕ್ ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಅದರೊಳಗಿಟ್ಟು ಬಸ್ಸು ಹತ್ತಿದೆ. ತಳಕು ಇನ್ನೂ ಬಹಳ ದೂರವಿರುವಾಗಲೇ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿ ಒಂದು ಗಿಡದ ನೆರಳೂ ಇರಲಿಲ್ಲ. ನನ್ನ ದುಪಟ್ಟಾವನ್ನು ನೀರಿನಲ್ಲಿ ನೆನೆಸಿ ಥರ್ಮಾಸಿಗೆ ಸುತ್ತಿ, ಬಸ್ಸಿನ ನೆರಳಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಇನ್ನೊಂದು ಬಸ್ಸು ಬರಲು ಎರಡೂವರೆ ಗಂಟೆ ಹಿಡಿಯಿತು. ತಳಕಿನಲ್ಲಿ ಇಳಿದು ಹಟ್ಟಿಗೆ ನಡಿಗೆ.

ಹಟ್ಟಿ ತಲುಪಿದಾಗ ಹನ್ನೆರಡೂವರೆ. ಸಾವಿರ ಕುರಿ ಹಸಿದು ಒಂದೇ ಸಮ ಅರಚುತ್ತಿದ್ದವು. ಗಂಡಸರೆಲ್ಲ ಬೆಳಗ್ಗೆಯಿಂದ ಕಾದಿದ್ದರು. ಥರ್ಮಾಸಿನ ಮುಚ್ಚಳ ತೆಗೆದು ಬೆರಳಿಟ್ಟೆ. ನೀರು. ಅದೂ ಬೆಚ್ಚಗಿನ ನೀರು. ಸೀಸೆಗಳು ಅದರಲ್ಲಿ ತೇಲುತ್ತಿದ್ದವು.

ಒಂದು ಸೀಸೆ ಎತ್ತಿ ಬಿಸಿಲಿಗೆ ಹಿಡಿದೆ. ಸೀಸೆಗಳು ನೋಡುವುದಕ್ಕೆ ಬೆಳಗ್ಗೆ ಇದ್ದ ಹಾಗೇ ಇದ್ದವು. ಹಾಕಿದರೆ ಅಲ್ಲಿದ್ದ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಕರೇಕಲ್ಲಟ್ಟಿ ಎಂದು ಬರೆದುಕೊಂಡು ಮೂರು ಗಂಟೆಯ ಬಸ್ಸು ಹಿಡಿಯಬಹುದಿತ್ತು.

"ಇದು ಕೆಟ್ಟುಹೋಗಿದೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಜೋರಾಗಿ ಹೇಳಬೇಕಾಯಿತು.

"ನೀರಾದ್ರೇನ್ರಿ, ಔಷ್ದಿ ಸೀಸೆ ಒಳಗೈತಲ್ಲ!" ಎಂದ ತಿಪ್ಪಯ್ಯ. "ಹಾಕ್ರಿ ಅತ್ಲಾಗೆ. ಬೆಳಗಿಂದ ಕುರಿ ಉಪಾಸ ಕೆಡವೀವಿ."

"ಕಾದ ಮೇಲೆ ಅದರಲ್ಲಿ ಶಕ್ತಿ ಇರಲ್ಲ. ಹಾಕಿದ್ರೆ ಹಾಕಿದೀವಿ ಅಂತ ನೀವು ಧೈರ್ಯವಾಗಿರ್ತೀರ. ಬೇನೆ ಬಂದೇ ಬರುತ್ತೆ."

ಅವನು ರೊಪ್ಪದ ಮುಳ್ಳುಗೇಟನ್ನು ಒದ್ದು ತೆಗೆದ. "ಇನ್ನೊಂದ್ಸಲ ಈ ಹಟ್ಟಿ ಕಡೆ ಬರಬ್ಯಾಡ್ರಿ." ಕುರಿಗಳು ನನ್ನನ್ನು ತಳ್ಳಿಕೊಂಡು ನುಗ್ಗಿದವು. ಧೂಳು ಇಳಿದಾಗ ಅಲ್ಲಿ ನಾನೊಬ್ಬಳೇ ಇದ್ದೆ. ಬೇಲಿಯ ಮರೆಯಲ್ಲಿ ಗುಂಡಿ ತೋಡಿ ಸೀಸೆಗಳನ್ನು ಸುರಿದು ಮುಚ್ಚಿದೆ. ಆಮೇಲೆ ಬೇವಿನ ಮರದ ಕೆಳಗೆ ಕುಳಿತು ಅತ್ತೆ. ಕೆಲಸ ಬಿಟ್ಟು ದಾವಣಗೆರೆಗೆ ಹೋಗಿಬಿಡಬೇಕೆಂದು ನಿಜವಾಗಿಯೂ ಅಂದುಕೊಂಡೆ.

ಬೋರಜ್ಜಿ ಒಂದು ಲೋಟ ಅಂಬಲಿ ತಂದು ಪಕ್ಕದಲ್ಲಿಟ್ಟಳು.

"ಹಾಕಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ತಿಪ್ಪಯ್ಯಂಗೆ?"

"ಯಾರಿಗೂ ಇಲ್ಲ ಅಜ್ಜಿ. ನಂಗೊಬ್ಬಳಿಗೇ."

ಅವಳು ಚಪ್ಪಡಿಯ ಮೇಲೆ ನನ್ನ ಪಕ್ಕ ಕುಳಿತಳು. "ಅವತ್ತು ಬಂದಿದ್ದ ಆ ಮನುಷ್ಯನ್ನ ಕೇಳಿದ್ದೆ, ಗಬ್ಬದವಕ್ಕೆ ಬ್ಯಾಡ ಏನೋ ಅಂತ. ಏನೂ ಆಗಲ್ಲ ಮುದುಕಿ, ಹೋಗತ್ಲಾಗೆ ಅಂದ. ಹನ್ನೊಂದರಾಗೆ ನಾಕು ನನ್ನವು." ಲೋಟವನ್ನು ನನ್ನ ಕಡೆ ಸರಿಸಿದಳು. "ಕುಡಿ. ಯಾರ ಕುರಿ ಹೆಂಗಾದ್ರೂ ಇರ್ಲಿ. ನನ್ನವು ಎಪ್ಪತ್ತು ನಾ ನಿಲ್ಲಿಸ್ತೀನಿ. ಯಾವತ್ತು ಬರ್ತೀಯ?"

ಮೂರು ಗಂಟೆಯ ಬಸ್ಸು ತಪ್ಪಿಸಿಕೊಂಡು ತಳಕಿಗೆ ನಡೆದೇ ಬಂದೆ. ರಸ್ತೆ ಬದಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಮಹಬೂಬ್ ಸಾಬರು ನನ್ನ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದರು. ನಡೆದದ್ದನ್ನೆಲ್ಲ ಕೇಳಿ ಹಣೆ ಚಚ್ಚಿಕೊಂಡರು.

"ಅರೆ ಬೇಟಿ, ಹಳೇ ಥರ್ಮಾಸ್‌ನಾಗೆ ಬರ್ಫ್ ಎಷ್ಟೊತ್ತು ನಿಲ್ತೈತೆ, ಈ ಕೆಂಡದಂಥ ಧೂಪ್‌ನಾಗೆ? ಮರದ ಪೆಟ್ಟಿಗೆ ಬೇಕು. ಸುತ್ತ ಸಾಮಿಲ್ ಮರದ ಹೊಟ್ಟು ತುಂಬ್ಬೇಕು. ನಮ್ಮ ಅಬ್ಬಾ ಹಿಂಗೇ ಬಳ್ಳಾರಿಂದ ಬರ್ಫ್ ತರ್ತಿದ್ರು, ಮದುವೆ ಶರಬತ್ತಿಗೆ. ನಾಳಿದ್ದು ಚಳ್ಳಕೆರೆಗೆ ಸಾಮಾನು ತರಕ್ಕೆ ಹೋಗ್ತೀನಿ. ಬಸ್ಸು ಗಿಸ್ಸು ಬ್ಯಾಡ, ನನ್ನ ಲಗೇಜ್ ಆಟೋದಾಗೆ ಬಾ. ಸೀದಾ ಹಟ್ಟಿಗೆ ಬಿಡ್ತೀನಿ."

ಬುಧವಾರ ಎಂಟೂವರೆಗೆ ನಾವು ಬೋರಜ್ಜಿಯ ರೊಪ್ಪದ ಮುಂದಿದ್ದೆವು. ಪೆಟ್ಟಿಗೆ ತೆರೆದರೆ ಹೊಟ್ಟಿನ ಒಳಗೆ ಮಂಜುಗಡ್ಡೆ ಹಾಗೇ ಹೊಗೆಯಾಡುತ್ತಿತ್ತು. ಸಾಬರು ಅದನ್ನು ತಮ್ಮ ಮಗುವಿನ ಹಾಗೆ ಎಲ್ಲರಿಗೂ ತೋರಿಸಿದರು. ಬೋರಜ್ಜಿ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯನ್ನು ಒಳಗಿಂದ ಬಿಟ್ಟಳು. "ಒಕಟಿ... ರೆಂಡು... ಮೂಡು..." ನಾನು ತೊಡೆ ಸಂದಿಯಲ್ಲಿ ಕುರಿ ಹಿಡಿದು, ಕುತ್ತಿಗೆಯ ತೊಗಲೆತ್ತಿ ಸೂಜಿ ಚುಚ್ಚುತ್ತಿದ್ದೆ. ನಡುನಡುವೆ ಅವಳು ಒಂದರ ಹೊಟ್ಟೆಯ ಕೆಳಗೆ ಅಂಗೈ ಹಾಕಿ, "ಇದು ಬ್ಯಾಡ, ನಾಕು ತಿಂಗ್ಳು ತುಂಬೈತೆ" ಎಂದು ಬೇರೆ ಬಿಡುತ್ತಿದ್ದಳು. ಹಾಗೆ ಹನ್ನೆರಡನ್ನು ಬಿಟ್ಟೆವು. ತಿಪ್ಪಯ್ಯ ದೂರದಲ್ಲಿ ಬೀಡಿ ಸೇದುತ್ತ, ನೋಡದವನಂತೆ ಎಲ್ಲವನ್ನೂ ನೋಡುತ್ತಿದ್ದ.

ಮುಂದಿನ ಹದಿನೈದು ದಿನ ನನಗೆ ನಿದ್ದೆಯಿಲ್ಲ, ಊಟ ಸೇರದು. ಒಂದೇ ಒಂದು ಕುರಿ ಕಂದು ಹಾಕಿದರೂ ಮುಗಿಯಿತು. ಒಂದೂ ಹಾಕಲಿಲ್ಲ. ಎರಡನೇ ಸೂಜಿಗೆಂದು ಹೋದ ದಿನ ಬೋರಜ್ಜಿಯ ರೊಪ್ಪದ ಪಕ್ಕದಲ್ಲಿ ತಿಪ್ಪಯ್ಯನ ನೂರಿಪ್ಪತ್ತು ಕುರಿ ನಿಂತಿದ್ದವು. ಗಬ್ಬದವನ್ನು ಅವನೇ ಆರಿಸಿ ಹಗ್ಗ ಕಟ್ಟಿ ಬೇರೆ ಮಾಡಿದ್ದ. ನನ್ನ ಜೊತೆ ಮಾತಾಡಲಿಲ್ಲ. ಸಾಬರಿಗೆ ಬೀಡಿ ಕೊಟ್ಟ, ಅಷ್ಟೇ. ಅವನ ಹಿಂದೆ ಮಿಕ್ಕವರೂ ಬಂದರು. ಮಳೆ ಯಾವತ್ತು ಬೀಳುತ್ತದೋ ಎಂದು ಮುಗಿಲು ನೋಡುತ್ತಲೇ ಹಟ್ಟಿಗೆಲ್ಲ ಎರಡು ಸೂಜಿ ಮುಗಿಸಿದೆವು. ಇತರ ಹಟ್ಟಿಗಳಿಗೆ ಹೋಗಲು ಹೊತ್ತು ಉಳಿಯಲಿಲ್ಲ.

ಮಳೆ ಬಂತು. ನಾಲ್ಕು ದಿನ ಬಿಡದೆ ಹೊಡೆಯಿತು. ವಾರದೊಳಗೆ ಕಾವಲು ಕಣ್ಣು ಕುಕ್ಕುವ ಹಸಿರಾಯಿತು. ನನಗೆ ಆ ಹಸಿರಿನಲ್ಲಿ ಬೇನೆಯೇ ಕಾಣುತ್ತಿತ್ತು. ಮೊದಲ ಸುದ್ದಿ ಬಿ.ಜಿ. ಕೆರೆಯ ಕಡೆಯಿಂದ ಬಂತು, ಒಂದೇ ಹಿಂಡಿನಲ್ಲಿ ಒಂಬತ್ತು ಸಾವು. ಆಮೇಲೆ ಹತ್ತಿರದಲ್ಲೇ ಇನ್ನೆರಡು ಹಟ್ಟಿ. ಕರೇಕಲ್ಲಟ್ಟಿಯಿಂದ ಯಾರೂ ಬರಲಿಲ್ಲ. ಒಂದು ಬೆಳಗ್ಗೆ ತಿಪ್ಪಯ್ಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ.

"ಅತ್ತೇದು ಒಂದು ಹೋತು. ಕೆಂದಿ ಅಂತ, ದೊಡ್ಡ ಕುರಿ. ಮರಿ ಹಾಕಿ ಎರಡು ವಾರ ಆಗಿತ್ತು." ಹೊಸ್ತಿಲ ಮೇಲೆ ಕುಳಿತು ಹೇಳಿದ: "ಸೂಜಿ ಹಾಕದೆ ಬಿಟ್ಟಿದ್ವಲ್ಲ ಹನ್ನೆರಡು, ಅದರಾಗಿಂದು."

ಬಿಡೋಣ ಎಂದು ಹೇಳಿದವಳು ನಾನೇ. ಮರಿ ಹಾಕಿದ ಮೇಲೆ ಬಂದು ಅವಕ್ಕೆ ಹಾಕಬೇಕಿತ್ತು, ಉಳಿದ ಹಿಂಡುಗಳ ಗಡಿಬಿಡಿಯಲ್ಲಿ ಮರೆತಿದ್ದೆ. ಮಳೆಯಲ್ಲೇ ಅವನ ಹಿಂದೆ ಹೋದೆ. ಬೋರಜ್ಜಿ ಗುಡಿಸಲ ಬಾಗಿಲಲ್ಲಿ ಒದ್ದೆ ಕಂಬಳಿಯೊಳಗೆ ತಾಯಿಯಿಲ್ಲದ ಮರಿಯನ್ನು ಇಟ್ಟುಕೊಂಡು ಇನ್ನೊಂದು ಕುರಿಯ ಹಾಲು ಕುಡಿಸುತ್ತಿದ್ದಳು.

"ತಪ್ಪು ನನ್ನದು ಅಜ್ಜಿ. ಮರೆತೆ."

"ನಾನೂ ಮರ್ತೆ" ಎಂದಳು. ಕಣ್ಣು ಕೆಂಪಾಗಿತ್ತು. "ಮಿಕ್ಕ ಹನ್ನೊಂದು ಒಳಗದಾವೆ. ಹೋಗಿ ನೋಡು. ಇವತ್ತೇ ಹಾಕು."

ಅವತ್ತೇ ಸಾಬರ ಆಟೋದಲ್ಲಿ ಚಳ್ಳಕೆರೆಗೆ ಹೋಗಿ ಲಸಿಕೆ ತಂದು ಹಾಕಿದೆ. ಆ ವರ್ಷ ಇಡೀ ಹಟ್ಟಿಯಲ್ಲಿ ಸತ್ತದ್ದು ಅದೊಂದೇ ಕುರಿ.

ಶ್ರಾವಣದಲ್ಲಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಚಪ್ಪಡಿ ಒಣಗಿತ್ತು. ಆಡಲು ಕುಳಿತೆವು. ಹದಿನೈದೂ ಕುರಿ ಇಟ್ಟು ಮುಗಿದಾಗ ನಾನು ಕಳೆದುಕೊಂಡದ್ದು ಮೂರೇ. ಆಮೇಲೆ ಇನ್ನೊಂದು ಹೋಯಿತು. ಅವಳು ಮೇಲಿನ ಒಂದು ಕುರಿಯ ಆಸೆಗೆ ತೋಳಗಳನ್ನು ನೆತ್ತಿಯ ಕಡೆಗೆ ತಂದಳು. ಒಂದು ನೆತ್ತಿಯಲ್ಲಿ, ಎರಡು ಅದರ ಕೆಳಗೆ. ನಾನು ತೋಳ ನೋಡಲಿಲ್ಲ. ಪ್ರತಿ ಕುರಿಯ ಹಿಂದಿನ ಮನೆಯನ್ನೇ ನೋಡುತ್ತ, ಒಂದೊಂದೇ ಹೆಜ್ಜೆ ತುಂಬುತ್ತ ಬಂದೆ. ಕೊನೆಯ ಹಿಕ್ಕೆ ಸರಿಸಿ ಕೈ ತೆಗೆದೆ. ಬೋರಜ್ಜಿ ಒಂದು ತೋಳಕ್ಕೆ ಬೆರಳಿಟ್ಟಳು, ತೆಗೆದಳು. ಇನ್ನೊಂದಕ್ಕೆ ಇಟ್ಟಳು, ತೆಗೆದಳು. ಮೂರನೆಯದಕ್ಕೆ ಇಡಲೇ ಇಲ್ಲ.

"ಬೇಕಂತ ಸೋತ್ರಾ ಅಜ್ಜಿ?"

"ಥೂ ನಿನ್ನ! ಕುರಿ ವಿಷ್ಯದಾಗೆ ನಾನು ಸುಳ್ಳಾಡ್ತೀನೇನೇ?" ಎಂದು ರೇಗಿ, ಮರುಕ್ಷಣ ನನ್ನ ಎರಡೂ ಕೆನ್ನೆ ಹಿಡಿದು ನಕ್ಕಳು. ಹಿಕ್ಕೆ ಮೆತ್ತಿದ ಕೈ. ನಾನೂ ನಕ್ಕೆ.

ಆಗಲೇ ಕಾವಲಿನ ಕಡೆಯಿಂದ ಪಕ್ಕದ ಹಟ್ಟಿಯ ನಾಲ್ವರು ಗಂಡಸರು ಬಂದು ಸ್ವಲ್ಪ ದೂರದಲ್ಲಿ ನಿಂತರು. ಬೇಸಿಗೆಯಲ್ಲಿ ನನ್ನನ್ನು ಬಾಗಿಲಿಂದಲೇ ಕಳಿಸಿದ್ದವರು. ಅವರಲ್ಲಿ ಹಿರಿಯ, ಹೆಗಲ ಮೇಲಿನ ಕಂಬಳಿ ಕೈಗೆ ತೆಗೆದುಕೊಂಡು ಬೋರಜ್ಜಿಗೆ ಹೇಳಿದ: "ಇಪ್ಪತ್ತು ಹೋದ್ವು ಅಕ್ಕ. ಉಳಿದಿರೋವಕ್ಕಾದ್ರೂ ಈಯಮ್ಮ ಸೂಜಿ ಹಾಕ್ತಾರಾ ಕೇಳು."

"ನನ್ನೇನ್ ಕೇಳ್ತೀಯ? ಅಲ್ಲೇ ಕುಂತೈತಲ್ಲ, ಕೇಳು" ಎಂದಳು ಅವಳು. "ನನ್ನ ಸೋಲ್ಸಾಕೆ ನಾಕು ತಿಂಗ್ಳು ಕುಂತೈತೆ. ಕರ್ಕಂಡು ಹೋಗ್ರಿ."

ಮೊದಲು ಕುರಿಗಳನ್ನು ನೋಡಿ ಬರೋಣವೆಂದು ಎದ್ದೆ. ಮೊಣಕಾಲುದ್ದ ಹುಲ್ಲಿನ ನಡುವೆ ಅವರು ಮುಂದೆ, ನಾನು ಹಿಂದೆ. ಹೀಗೇ ಅರ್ಧ ಮೈಲಿ ನಡೆದೆವು. ಆಮೇಲೆ ಆ ಹಿರಿಯ ತಿರುಗಿ ನೋಡದೆಯೇ ಕೇಳಿದ: "ಗಬ್ಬದ ಕುರಿಗೆ ಏನೂ ಆಗಲ್ಲ ತಾನೇನ್ರಿ?"

"ಆಗಬಹುದು" ಎಂದೆ. "ಅವನ್ನ ಮೊದಲು ಬೇರೆ ಮಾಡೋಣ. ಮರಿ ಹಾಕಿದ ದಿನ ನಂಗೆ ಹೇಳಿಕಳಿಸಿ, ಮರೆಯದೆ ಬರ್ತೀನಿ."

ಅವನು ನಿಂತ. ನಾನು ಹತ್ತಿರ ಬರುವ ತನಕ ಕಾದು, ನನ್ನ ಚೀಲವನ್ನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡ. ಅಲ್ಲಿಂದ ಮುಂದಕ್ಕೆ ಪಕ್ಕದಲ್ಲೇ ನಡೆದ.